ಕನ್ನಡ ಪದಗಳಿಗೆ ಅರ್ಥವನ್ನು ಹುಡುಕಿದ ಕಿಟ್ಟೆಲ್ ಅಯ್ಯನವರು

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಎಂಬ ಊರು ಇರುವದನ್ನೂ, ಅಲ್ಲಿಂದ ಹಳೇಬೀಡಿಗೆ ಒಂದು ದಾರಿ ಒಡೆಯುವದನ್ನೂ ನಿಮ್ಮಲ್ಲಿ ಅನೇಕರು ಬಲ್ಲಿರಿ. ಕೆಲವು ಕಾಲದ ಹಿಂದೆ ನಾವು ಆ ಸೀಮೆಯ ಒಂದು ಮನೆಯಲ್ಲಿ ಇಳುಕೊಂಡಿದ್ದೆವು. ಸಂಜೆಯ ಹೊತ್ತಿನಲ್ಲಿ ಆ ಮನೆಯ ಹುಡುಗಿಯು ತನ್ನ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಎಲ್ಲಿಯೂ ತಡವರಿಸದೆ ಓದಿದ್ದನ್ನು ಕೇಳಿ ಅವಳ ತಂದೆತಾಯಿಗಳು ಬಹಳ ಸಂತೋಷಪಟ್ಟರು. ಆದರೆ ಆ ಪಾಠದಲ್ಲಿ ಏನು ಹೇಳಿದೆ ಎಂದು ನಾವು ವಿಚಾರಿಸಲಾಗಿ ಅವಳು ತಲೆ ತಗ್ಗಿಸಿ ಸುಮ್ಮನಾದಳು. ಪಾಠದಲ್ಲಿ ಒಬ್ಬ ಬಾಲಕನು ನಿನ್ನೆ ಒಂದು ಪುಸ್ತಕವನ್ನು ಓದಿದನು ಎಂಬ ವಾಕ್ಯವಿತ್ತು. ಇಂಗ್ಲಿಷಿನಲ್ಲಿ ಓದು ಎಂಬದಕ್ಕೂ ಓದಿದನು ಎಂಬದಕ್ಕೂ ಬರೆಯುವ ಅಕ್ಷರಗಳು ಒಂದೇ. ಮೊದಲನೆಯದನ್ನು ರೀಡ್ ಎಂದೂ ಎರಡನೆಯದನ್ನು ರೆಡ್ ಎಂದೂ ಉಚ್ಚರಿಸಬೇಕು. ನಿನ್ನೆ ಎಂಬ ಪದದ ಅರ್ಥವನ್ನು ತಿಳಿದವನಿಗೆ ಮಾತ್ರ ಆ ಅಕ್ಷರಗಳನ್ನು ಸರಿಯಾಗಿ ಬಾಯಿಂದ ಹೊರಡಿಸುವದು ಸಾಧ್ಯ. ಹುಡುಗಿಯು ರೀಡ್ ಎಂದೇ ಓದಿದ್ದಳು. ಮೂಲೆಯಲ್ಲಿ ಕೂತಿದ್ದ ಅವಳ ಅಜ್ಜಿಯು, ತನಗೆ ಇಂಗ್ಲಿಷ್ ಬಾರದ ಕಾರಣ ಮಗುವಿಗೆ ಏನೂ ಹೇಳಿಕೊಡಲಾರೆನೆಂದು ವ್ಯಸನದಿಂದ ಹೇಳಿಕೊಂಡಳು.

ಅಪೊಸ್ತಲರ ಕೃತ್ಯಗಳಲ್ಲಿ ರಥದ ಮೇಲೆ ಕೂತು ಯೆಶಾಯನ ಗ್ರಂಥವನ್ನು ಓದುತ್ತಾ ಹೋಗುತ್ತಿದ್ದ ಐಥಿಯೋಪ್ಯದ ಅಧಿಕಾರಿಯು ನಿಮಗೆ ನೆನಪಿರಬಹುದು. ಓದುವದು ಅವನಿಗೆ ಬರುತ್ತಿತ್ತು, ಓದಿದ್ದು ತಿಳಿಯುತ್ತಿರಲಿಲ್ಲ. ಫಿಲಿಪ್ಪನು ಮೊದಲು ಕೇಳಿದ ಪ್ರಶ್ನೆಯೂ ಅದೇ. ಅಷ್ಟು ದೊಡ್ಡ ಅಧಿಕಾರಿಯು ತನಗೆ ತಿಳಿಯದೆಂದು ಒಪ್ಪಿಕೊಳ್ಳುವದಕ್ಕೆ ನಾಚಲಿಲ್ಲ. ಹೀಗೆಯೇ ತಿಳಿಯದ್ದನ್ನು ಕೇಳುವದಕ್ಕೆ ಜೀವಮಾನವೆಲ್ಲಾ ನಾಚದೆ ಇದ್ದ ಒಬ್ಬ ಮನುಷ್ಯನ ಚರಿತ್ರೆಯನ್ನು ಈ ಸಲ ಬರೆಯಬೇಕೆಂದು ನಮಗೆ ಆ ಮನೆಯಲ್ಲಿಯೇ ತೋಚಿತು. ಅವರು ಕಿಟ್ಟೆಲ್ ಅಯ್ಯನವರು. ಅವರ ಹೆಸರನ್ನು ನಮ್ಮ ಸಭೆಗಳಲ್ಲಿ ಕೇಳದವರು ಕಡಿಮೆ. ಆದರೆ ಅವರು ಮಾಡಿದ ಕೆಲಸವು ಎಂಥಾದ್ದೆಂದು ಬಲ್ಲವರೂ ಕಡಿಮೆಯೇ.

ಫರ್ಡಿನಂಡ್ ಕಿಟ್ಟೆಲರು 1832ನೇ ಇಸವಿ ಏಪ್ರಿಲ್ 7ರಲ್ಲಿ ಜರ್ಮನ್ ದೇಶದ ವಾಯವ್ಯ ಮೂಲೆಯಲ್ಲಿ, ಸಮುದ್ರತೀರಕ್ಕೆ ಹತ್ತಿರವಾದ ಪೂರ್ವ ಫ್ರೀಸಿಯಾ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯು ಸಭಾಪಾಲಕರಾಗಿದ್ದರು. ಬಾಲ್ಯದಲ್ಲಿಯೇ ಕಿಟ್ಟೆಲರಿಗೆ ಹಳೆಯ ಭಾಷೆಗಳ ಮೇಲೆ ಆಶೆ ಹುಟ್ಟಿ, ಲತೀನ್, ಗ್ರೀಕ್, ಇಬ್ರಿಯ ಇವುಗಳನ್ನು ಕಲಿತರು. 1850ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿದ್ದ ಮಿಶನ್ ವಿದ್ಯಾಲಯವನ್ನು ಸೇರಿ, 1853ರಲ್ಲಿ ಹಿಂದೂದೇಶಕ್ಕೆ ಕಳುಹಿಸಲ್ಪಟ್ಟರು. ಆಗ ಅವರ ವಯಸ್ಸು ಇಪ್ಪತ್ತೊಂದು ಮಾತ್ರ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕನ್ನಡವು ಅವರ ತಾಯಿಮಾತಲ್ಲ. ಇಂಗ್ಲಿಷೂ ಅವರ ತಾಯಿಮಾತಲ್ಲ. ಅವರು ಮನೆಯಲ್ಲಿ ಆಡಿದ್ದು ಜರ್ಮನ್. ಹೀಗಿದ್ದರೂ ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥವನ್ನು ಬರೆದ ದೊಡ್ಡ ಗ್ರಂಥವು ಅವರ ಕೈಯಿಂದಲೇ ಬಂತು. ಎರಡು ಭಾಷೆಗಳಲ್ಲಿಯೂ ಅವರು ನಮ್ಮ ಮಕ್ಕಳ ಹಾಗೆ ಅಕ್ಷರದಿಂದ ಆರಂಭಿಸಿದ ವಿದ್ಯಾರ್ಥಿಯೇ. ಬಿಳೀ ದೊರೆಗಳೆಲ್ಲರೂ ಇಂಗ್ಲಿಷನ್ನು ತೊಟ್ಟಿಲಲ್ಲಿಯೇ ಕಲಿತುಬಂದವರೆಂದು ಹಳ್ಳಿಗಳಲ್ಲಿ ಈಗಲೂ ಎಣಿಸುವವರುಂಟು, ಅದು ತಪ್ಪು.

ಮೊದಲು ಅವರು ಧಾರವಾಡಕ್ಕೆ ಬಂದರು. ಅವರಿಗಿಂತ ಮುಂಚೆ ಕನ್ನಡ ನಾಡಿನಲ್ಲಿ ದುಡಿದ ಮಿಶನೆರಿಗಳು ದಾರಿಯನ್ನು ಸ್ವಲ್ಪ ಹಸನುಮಾಡಿದ್ದರು. ಬಳ್ಳಾರಿಯ ಲಂಡನ್ ಮಿಶನಿನ ರೀವ್ ಅಯ್ಯನವರು 1824ರಲ್ಲಿ ಇಂಗ್ಲಿಷ್ ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ ಇಂಗ್ಲಿಷ್ ಕೋಶವನ್ನೂ ಅಚ್ಚು ಹಾಕಿಸಿದ್ದರು. ಮಂಗಳೂರಿನಲ್ಲಿ ಮೋಗ್ಲಿಂಗ್ ಅಯ್ಯನವರು 1843ರಲ್ಲಿ ಮಂಗಳೂರ ಸಮಾಚಾರ ಎಂಬ ಕನ್ನಡದ ಮೊದಲ ವರ್ತಮಾನಪತ್ರಿಕೆಯನ್ನು ಹೊರಡಿಸಿದ್ದಲ್ಲದೆ, ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದ್ದರು. ಆದಾಗ್ಯೂ ಪುಸ್ತಕದಲ್ಲಿರುವ ಕನ್ನಡವು ಒಂದು, ಸಂತೆಯಲ್ಲಿ ಕೇಳುವ ಕನ್ನಡವು ಮತ್ತೊಂದು ಎಂಬದು ಯೌವನಸ್ಥನಾದ ಕಿಟ್ಟೆಲರಿಗೆ ಬೇಗನೆ ಗೊತ್ತಾಯಿತು.

ಪರದೇಶಿಗೆ ನಮ್ಮ ಕ್ರಿಯಾಪದಗಳು ಎಷ್ಟು ಕಷ್ಟವೆಂದು ನಾವು ಯಾವಾಗಲಾದರೂ ಯೋಚಿಸಿದ್ದೇವೋ? ಮಾಡು ಎಂಬದರಿಂದ ಮಾಡಿದನು ಎಂದಾಗುವದನ್ನು ಕಲಿತವನು ಬರು ಎಂಬದರಿಂದ ಬರಿದನು ಎಂದು ಹೇಳಿದರೆ ಎಲ್ಲರೂ ನಗುತ್ತಾರೆ. ಬರು ಎಂಬದು ಬಂದನು, ತರು ಎಂಬದು ತಂದನು, ನಗು ಎಂಬದು ನಕ್ಕನು, ಬೀಳು ಎಂಬದು ಬಿದ್ದನು, ಕೊಳ್ಳು ಎಂಬದು ಕೊಂಡನು ಆಗುತ್ತದೆ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಗೋ ಎಂಬದು ಭೂತಕಾಲದಲ್ಲಿ ವೆಂಟ್ ಆಗುವದನ್ನು ಕಂಡು ಎಷ್ಟು ಬೆರಗಾಗುವರೋ, ಬಾಸೆಲಿನಿಂದ ಬಂದ ಹುಡುಗನು ನಕ್ಕನು ಎಂಬದನ್ನು ಕಂಡು ಅಷ್ಟೇ ಬೆರಗಾಗಿರಬೇಕು. ಕಾಲಗಳ ವಿಷಯವಂತೂ ಇನ್ನೂ ವಿಚಿತ್ರ. ಯಾರಾದರೂ ಹೊರಗಿನಿಂದ ಕೂಗಿದರೆ ನಾವು ಒಳಗೆ ಕೂತುಕೊಂಡೇ ಬಂದೆ ಬಂದೆ ಎನ್ನುತ್ತೇವೆ. ರೂಪವು ಭೂತಕಾಲದ್ದು, ಕಾರ್ಯವು ಇನ್ನು ಮೇಲೆ ಆಗತಕ್ಕದ್ದು. ಮನೆಯಿಂದ ಹೊರಡುವವನು ಬರುತ್ತೇನೆ ಎಂದು ಹೇಳಿ ಹೋಗುತ್ತಾನೆ. ವ್ಯಾಕರಣವನ್ನು ಮಾತ್ರ ನಂಬಿದವನು ಅವನನ್ನು ಕಾಯುತ್ತಾ ಬಾಗಲಲ್ಲಿಯೇ ನಿಂತಾನು.

ನಿಂತಾನು ಎಂದು ನಾವು ಈಗ ಬರೆದ ರೂಪವನ್ನೇ ನೋಡಿರಿ. ಒಂದು ವೇಳೆ ನಿಲ್ಲಬಹುದು ಎಂಬ ಸಂಶಯವನ್ನು ಕನ್ನಡವು ಒಂದೇ ಪದದಲ್ಲಿ ಅಡಗಿಸುತ್ತದೆ; ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಮೂರು ಪದಗಳು ಬೇಕು. ಮಾಡೆನು ಎಂಬ ನಿಷೇಧರೂಪವೂ ಹಾಗೆಯೇ. ಹಳೆಯ ಭಾಷೆಯಲ್ಲಿ ಆ ಒಂದು ರೂಪವೇ ನಿನ್ನೆಗೂ ಇಂದಿಗೂ ನಾಳೆಗೂ ಸಲ್ಲುತ್ತಿತ್ತು. ಇಂಗ್ಲಿಷಿನಲ್ಲಾದರೋ ಮೂರು ಕಾಲಕ್ಕೂ ಬೇರೆ ಬೇರೆ ಸಹಾಯಪದಗಳು. ಅಲ್ಲದೆ ಭೂತಕಾಲದ ಭಾರವನ್ನು ಡಿಡ್ ಎಂಬ ಸಹಾಯಪದವು ಹೊತ್ತುಕೊಂಡ ಮೇಲೆ ಮುಖ್ಯ ಕ್ರಿಯಾಪದವು ತನ್ನ ಮೂಲರೂಪಕ್ಕೆ ತಿರುಗಬೇಕು. ನಮ್ಮ ಮಕ್ಕಳು ಡಿಡ್ ಎಂಬದರ ಸಂಗಡ ವೆಂಟ್ ಎಂಬದನ್ನೂ ಸೇರಿಸಿ ಬರೆಯುವದು ಇದರಿಂದಲೇ. ಒಂದು ಹೊರೆಯನ್ನು ಇಬ್ಬರ ತಲೆಯ ಮೇಲೆ ಇಟ್ಟಂತೆ.

ಇಂಥಾ ತೊಡಕುಗಳನ್ನು ಬಿಡಿಸುವದಕ್ಕೆ ಕಿಟ್ಟೆಲ್ ಅಯ್ಯನವರು ಎರಡು ದಾರಿಗಳನ್ನು ಹಿಡಿದರು. ಜನರ ಬಾಯಿಂದ ಬರುವ ಮಾತನ್ನು ಕೇಳುವದು ಒಂದು. ಕನ್ನಡದ ಹಳೆಯ ಪಂಡಿತರ ಬಳಿಯಲ್ಲಿ ಶಿಷ್ಯನಾಗುವದು ಮತ್ತೊಂದು. ಈ ಎರಡನೆಯ ದಾರಿಯೇ ಅವರನ್ನು ನಮ್ಮ ಹಳೇಬೀಡಿನ ಸೀಮೆಗೆ ಕಟ್ಟಿಹಾಕಿತು.

ಹಳೇಬೀಡು ಹೊಯ್ಸಳ ಅರಸರ ಕಾಲದಲ್ಲಿ ದೋರಸಮುದ್ರವೆಂಬ ರಾಜಧಾನಿಯಾಗಿತ್ತು. ಈಗ ಅಲ್ಲಿಗೆ ಬರುವವರೆಲ್ಲರೂ ದೇವಾಲಯದ ಗೋಡೆಯ ಮೇಲಿರುವ ಆನೆ ಕುದುರೆಗಳನ್ನು ನೋಡಿ ಆಶ್ಚರ್ಯಪಡುತ್ತಾರೆ. ಆದರೆ ಆ ಅರಸರ ಆಶ್ರಯದಲ್ಲಿ ಕಲ್ಲುಕುಟಿಗರು ಮಾತ್ರವಲ್ಲ, ಮಾತನ್ನು ಕುಟ್ಟಿ ಹಸನುಮಾಡುವವರೂ ಇದ್ದರು. ಜನ್ನನೆಂಬ ಕವಿಯೂ, ಸೂಕ್ತಿಸುಧಾರ್ಣವವನ್ನು ಕೂಡಿಸಿದ ಮಲ್ಲಿಕಾರ್ಜುನನೂ ಆ ಆಶ್ರಯದಲ್ಲಿದ್ದವರು. ಆ ಮಲ್ಲಿಕಾರ್ಜುನನ ಮಗನೂ ಜನ್ನನ ಸೋದರಳಿಯನೂ ಆದ ಕೇಶಿರಾಜನು ಸುಮಾರು 1260ರಲ್ಲಿ ಶಬ್ದಮಣಿದರ್ಪಣವೆಂಬ ಕನ್ನಡ ವ್ಯಾಕರಣವನ್ನು ಬರೆದನು. ಅವನಿಗಿಂತ ಮುಂಚೆ ಕನ್ನಡದ ವ್ಯಾಕರಣವನ್ನು ಸಂಸ್ಕೃತದಲ್ಲಿ ಸೂತ್ರಮಾಡಿದವರಿದ್ದರು. ಇವನಾದರೋ ಕನ್ನಡದ ನಿಯಮಗಳನ್ನು ಕನ್ನಡದ ಪದ್ಯಗಳಲ್ಲಿಯೇ ಹೇಳಿ, ಪ್ರತಿಯೊಂದು ನಿಯಮಕ್ಕೂ ಪೂರ್ವಕವಿಗಳ ಪ್ರಯೋಗವನ್ನು ತೋರಿಸಿದನು. ಕ್ರಿಯಾಪದಗಳನ್ನು ವಿವರಿಸುವ ಆಖ್ಯಾತ ಪ್ರಕರಣದಲ್ಲಿ ಮೂರು ಕಾಲಗಳಿಗೂ ಮೂರು ಗುರುತುಗಳನ್ನು ಕೊಟ್ಟಿದ್ದಾನೆ: ಗೆಯ್ದಪಂ ಎಂಬಲ್ಲಿ ದಪ ಎಂಬದು ವರ್ತಮಾನಕ್ಕೆ, ಗೆಯ್ದಂ ಎಂಬಲ್ಲಿ ದ ಎಂಬದು ಭೂತಕ್ಕೆ, ಗೆಯ್ವಂ ಎಂಬಲ್ಲಿ ವ ಎಂಬದು ಭವಿಷ್ಯಕ್ಕೆ. ನಮ್ಮ ಶಾಲೆಯ ಮಕ್ಕಳು ಇಂದು ಇಂಗ್ಲಿಷ್ ಪುಸ್ತಕದಲ್ಲಿ ಕಾಲಗಳ ಪಟ್ಟಿಯನ್ನು ಬಾಯಿಪಾಠ ಮಾಡುವರಷ್ಟೆ. ಅಂಥಾ ಪಟ್ಟಿಯು ಏಳು ನೂರು ವರುಷಗಳಿಗಿಂತ ಹಿಂದೆಯೇ ನಮ್ಮ ಮಾತಿಗೆ ಸಿದ್ಧವಾಗಿತ್ತು.

ಈ ಗ್ರಂಥದ ಓಲೆಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ಹಳೆಯ ವ್ಯಾಖ್ಯಾನದ ಸಹಿತವಾಗಿ ಕಿಟ್ಟೆಲ್ ಅಯ್ಯನವರು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಮುದ್ರಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಹಾಗೆಯೇ ಹೊರತಂದರು. ಜೈನ ಪಂಡಿತನ ಪಾದದ ಬಳಿಯಲ್ಲಿ ಕ್ರೈಸ್ತ ಬೋಧಕನು ಕೂತು ಪಾಠ ಕಲಿತದ್ದು ಇದು.

ಆ ಪಾಠದಿಂದ ಏನು ಲಾಭವಾಯಿತೆಂದು ಕೇಳುವವರಿಗೆ ಒಂದೆರಡು ಉದಾಹರಣೆಗಳನ್ನು ಕೊಡುತ್ತೇವೆ. ನಾವು ಈಗ ಬಾಳು ಎಂದರೆ ಜೀವಿಸು ಎಂದು ತಿಳಿಯುತ್ತೇವೆ. ಹಳೆಯ ಪದ್ಯಗಳಲ್ಲಿ ಬಾಳ್ ಎಂದರೆ ಕತ್ತಿ ಎಂಬರ್ಥವೂ ಬರುತ್ತದೆ. ಒಂದೇ ಪದಕ್ಕೆ ಬದುಕು ಎಂದೂ ಕತ್ತಿ ಎಂದೂ ಅರ್ಥವು ಹೇಗೆ ಬಂತು? ನಿಜದಲ್ಲಿ ಅವು ಎರಡು ಪದಗಳು. ಕತ್ತಿಯ ಬಾಳ್ ಎಂಬದರಲ್ಲಿ ಸಾಧಾರಣ ಳಕಾರವಿದೆ. ಬದುಕುವ ಬಾೞ್ ಎಂಬದರಲ್ಲಿ ಕೇಶಿರಾಜನು ರಳವೆಂದು ಕರೆದ ೞ ಎಂಬ ಅಕ್ಷರವಿತ್ತು. ಆ ಅಕ್ಷರವು ಬಳಕೆಯಿಂದ ಹೋದ ಮೇಲೆ ಎರಡೂ ಒಂದಾಗಿ ಕಂಡವು. ಹಾಗೆಯೇ ತಿಳಿ ಎಂಬರ್ಥದ ಅಱಿ, ಕತ್ತರಿಸು ಎಂಬರ್ಥದ ಅರಿ. ಕೇಶಿರಾಜನು ಅಂಥಾ ಪದಗಳ ಪಟ್ಟಿಯನ್ನು ಜೋಪಾನ ಮಾಡಿದ್ದರಿಂದ ಕಿಟ್ಟೆಲರು ತಮ್ಮ ನಿಘಂಟಿನಲ್ಲಿ ಅವುಗಳನ್ನು ಬೇರ್ಪಡಿಸುವದಕ್ಕಾಯಿತು.

ನಿಘಂಟಿನ ಕೆಲಸವು ಅವರ ಆಯುಷ್ಯದ ಬಹು ಭಾಗವನ್ನು ತಿಂದಿತು. ಧಾರವಾಡ, ಮಂಗಳೂರು, ಮಡಿಕೇರಿ ಮೊದಲಾದ ಸ್ಥಳಗಳಲ್ಲಿ ಇದ್ದಾಗಲೆಲ್ಲಾ ಅವರು ಪದಗಳನ್ನು ಕೂಡಿಸಿದರು. ಕಾವ್ಯಗಳಿಂದ, ಶಾಸ್ತ್ರಗಳಿಂದ, ಗಾದೆಗಳಿಂದ, ಒಕ್ಕಲಿಗರ ಬಾಯಿಂದ, ಹೆಂಗಸರ ಮಾತಿನಿಂದ ಬಂದವುಗಳೆಲ್ಲಾ ಅದರಲ್ಲಿ ಸೇರಿದವು. ಈ ನಾಡಿನ ಪಂಡಿತರೂ ಇತರರೂ ಅವರಿಗೆ ಬಹಳ ಸಹಾಯ ಮಾಡಿದರು. ಈ ಸಹಾಯವನ್ನು ನಮ್ಮವರು ಜ್ಞಾಪಿಸಿಕೊಳ್ಳುವದು ಕಡಿಮೆ, ಅದು ನ್ಯಾಯವಲ್ಲ. ಪ್ರತಿಯೊಂದು ಪದಕ್ಕೂ ಅದು ಅಚ್ಚಗನ್ನಡವೋ, ಸಂಸ್ಕೃತದಿಂದ ಬಂದದ್ದೋ, ಹಿಂದುಸ್ಥಾನಿ ಮರಾಠಿ ಮುಂತಾದವುಗಳಿಂದ ಬಂದದ್ದೋ ಎಂದು ಗುರುತಿಸಿ, ತಮಿಳು ತೆಲುಗು ಮಲಯಾಳ ತುಳು ಭಾಷೆಗಳಲ್ಲಿರುವ ಅದರ ಬಂಧುಗಳನ್ನು ತೋರಿಸಿ, ಆಮೇಲೆ ಇಂಗ್ಲಿಷಿನಲ್ಲಿ ಅರ್ಥವನ್ನು ಬರೆದಿದ್ದಾರೆ. ಕ್ರಿಯಾಪದವಾದರೆ ಅದರ ಭೂತರೂಪವನ್ನೂ ಕೂಡಾ ಕೊಡುತ್ತಾರೆ. ಬರು ಎಂಬದನ್ನು ತೆರೆದವನಿಗೆ ಬಂದು ಎಂಬದು ಪಕ್ಕದಲ್ಲಿಯೇ ಸಿಕ್ಕುತ್ತದೆ. ಕಾಡು ಎಂಬದು ನಾಮಪದವಾಗಿ ಅರಣ್ಯ, ಕ್ರಿಯಾಪದವಾಗಿ ಪೀಡಿಸು. ಇವು ಬೇರೆ ಬೇರೆ ಸಂಖ್ಯೆಯ ಕೆಳಗೆ ನಿಲ್ಲುತ್ತವೆ. ಅರ್ಥವು ಸ್ಪಷ್ಟವಾಗುವದಕ್ಕಾಗಿ ಅನೇಕ ಕಡೆಗಳಲ್ಲಿ ಒಂದು ಗಾದೆಯನ್ನೋ ವಾಕ್ಯವನ್ನೋ ಸೇರಿಸಿದ್ದಾರೆ. ಒಂಟಿಯಾದ ಪದಕ್ಕೆ ಪೂರ್ಣ ಅರ್ಥವಿಲ್ಲ, ಅದು ವಾಕ್ಯದಲ್ಲಿ ಕೂತಾಗಲೇ ಅರ್ಥವು ಹುಟ್ಟುತ್ತದೆ ಎಂಬದನ್ನು ಅವರು ಚೆನ್ನಾಗಿ ಅರಿತಿದ್ದರು.

ಈ ಕೆಲಸಕ್ಕೆ ಅವರು ತೆತ್ತ ಬೆಲೆಯು ಸ್ವಲ್ಪವಲ್ಲ. 1860ರಲ್ಲಿ ಅವರು ಮದುವೆಯಾದ ಪೌಲಿನಾ ಅಮ್ಮನವರು 1864ರಲ್ಲಿ ತೀರಿಹೋದರು. ಮೂರು ವರುಷಗಳ ತರುವಾಯ ಆಕೆಯ ತಂಗಿಯಾದ ಯೂಲಿಯೆ ಅಮ್ಮನವರನ್ನು ಮದುವೆಯಾದರು. 1877ರಲ್ಲಿ ಅವರು ಸ್ವದೇಶಕ್ಕೆ ತಿರುಗಿಹೋದರು. ಆದರೆ ನಿಘಂಟು ಜರ್ಮನ್ ದೇಶದಲ್ಲಿ ಕೂತು ಮುಗಿಯುವಂಥಾದ್ದಾಗಿರಲಿಲ್ಲ. ಸಂಶಯ ಬಂದಾಗ ಕೇಳುವದಕ್ಕೆ ಅಲ್ಲಿ ಕನ್ನಡಿಗರು ಎಲ್ಲಿಂದ ಬಂದಾರು? ಆದದರಿಂದ 1883ರಲ್ಲಿ, ಐವತ್ತು ದಾಟಿದ ಮೇಲೆ, ಕುಟುಂಬವನ್ನು ಅಲ್ಲಿಯೇ ಬಿಟ್ಟು ಒಬ್ಬರೇ ತಿರುಗಿ ಬಂದರು. 1892ರ ವರೆಗೆ ಇಲ್ಲಿಯೇ ದುಡಿದರು. ಒಂಬತ್ತು ವರುಷ ಹೆಂಡತಿಮಕ್ಕಳ ಮುಖ ಕಾಣದೆ ಇರುವದೆಂದರೆ ಏನೆಂದು ಕೊಡಗಿನ ತೋಟಗಳಿಗೋ ದೂರದ ಪಟ್ಟಣಗಳಿಗೋ ಕೂಲಿಗೆ ಹೋದವರ ಮನೆಗಳು ಬಲ್ಲವು.

ಇದಲ್ಲದೆ ಸ್ವಂತ ಜನರ ಅಸಮಾಧಾನವೂ ಇತ್ತು. ಮಿಶನಿನ ಹಿರಿಯರಿಗೂ ಅವರಿಗೂ ಯಾವಾಗಲೂ ಒಮ್ಮನಸ್ಸಿರಲಿಲ್ಲ. ಸುವಾರ್ತೆಯನ್ನು ಸಾರುವದಕ್ಕೆ ಬಂದವನು ಹಳಗನ್ನಡದ ಪದಗಳನ್ನು ಎಣಿಸುತ್ತಾ ಕೂಡುವದು ಸರಿಯೋ ಎಂಬ ಪ್ರಶ್ನೆಯು ಅಂದಿನವರಿಗೆ ಬಂದದ್ದು ಸಹಜವೇ. ಹಳ್ಳಿಗಳಲ್ಲಿ ಉಪದೇಶಿಗಳು ಸಾಲದೆ ಇದ್ದ ಕಾಲ ಅದು. ನಾವು ಆ ಹಿರಿಯರನ್ನು ಹಾಸ್ಯ ಮಾಡೆವು. ಆದರೂ ನಮ್ಮ ಅಭಿಪ್ರಾಯವು ಕಿಟ್ಟೆಲ್ ಅಯ್ಯನವರ ಕಡೆಗೇ ಇದೆ. ಕೇಳುವವರಿಗೆ ತಿಳಿಯದ ಮಾತಿನಲ್ಲಿ ಎಷ್ಟು ಕಾಲ ಸಾರಿದರೇನು? 1862ರಲ್ಲಿಯೇ ಅವರು ಯೇಸುಸ್ವಾಮಿಯ ಚರಿತ್ರೆಯನ್ನು ಕಥಾಮಾಲೆ ಎಂಬ ಹೆಸರಿನಿಂದ ಈ ನಾಡಿನ ಛಂದಸ್ಸಿನ ಪದ್ಯಗಳಲ್ಲಿ ಬರೆದದ್ದು ಈ ಕಾರಣದಿಂದಲೇ ಎಂದು ನಮಗೆ ತೋರುತ್ತದೆ.

1894ರಲ್ಲಿ ಮಂಗಳೂರಿನ ಅಚ್ಚುಕೂಟದಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಹೊರಬಿತ್ತು. 1752 ಪುಟಗಳು, ಸುಮಾರು 70,000 ಪದಗಳು. ಮೊಳೆಗಳನ್ನು ಕೈಯಿಂದ ಒಂದೊಂದಾಗಿ ಆರಿಸಿ ಜೋಡಿಸುತ್ತಿದ್ದ ಆ ಕಾಲದಲ್ಲಿ, ಒಂದೇ ಪುಟದಲ್ಲಿ ಕನ್ನಡ ಇಂಗ್ಲಿಷ್ ಎರಡನ್ನೂ ಸಣ್ಣ ಅಕ್ಷರದಲ್ಲಿ ಕೂಡಿಸಿದ ಕೆಲಸಗಾರರ ಶ್ರಮವೂ ಅದರಲ್ಲಿ ಸೇರಿದೆ. ಗ್ರಂಥದಲ್ಲಿ ಕುಂದುಗಳಿಲ್ಲವೆಂದು ನಾವು ಹೇಳುವದಿಲ್ಲ. ಯಾವ ಕನ್ನಡಿಗನೂ ಆಡದ ಸಂಸ್ಕೃತ ಪದಗಳು ಅದರಲ್ಲಿ ರಾಶಿಯಾಗಿವೆ ಎಂದು ವಿದ್ವಾಂಸರು ಹೇಳಿದ್ದುಂಟು, ಅದು ನಿಜ. ಆದರೆ ಹೊಲದ, ಕಣದ, ಒಲೆಯ ಪದಗಳೂ ಅದರಲ್ಲಿವೆ, ಅವುಗಳಿಗಾಗಿಯೇ ನಾವು ಅದನ್ನು ತೆರೆಯುತ್ತೇವೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿದರು.

ಅಷ್ಟಾದ ಮೇಲಾದರೂ ವಿಶ್ರಮಿಸಿಕೊಂಡರೋ ಎಂದರೆ ಇಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಈ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಕೇಶಿರಾಜನ ಸೂತ್ರಗಳೇ ಅದರ ಬೆನ್ನೆಲುಬು. ಆ ಗ್ರಂಥವು 1903ರಲ್ಲಿ ಪ್ರಕಟವಾಯಿತು. ಅದೇ ವರುಷದ ಡಿಸೆಂಬರ್ ತಿಂಗಳಿನಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಟ್ಯೂಬಿಂಗೆನಿನಲ್ಲಿ ಅವರು ನಿದ್ರೆಹೋದರು.

ತರುವಾಯ ಮರಿಯಪ್ಪ ಭಟ್ಟರು ಆ ನಿಘಂಟನ್ನು ತಿದ್ದಿ ಬೆಳಿಸಿ, ಮದ್ರಾಸು ವಿಶ್ವವಿದ್ಯಾಲಯದಿಂದ 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಇನ್ನೊಂದು ಸಂಗತಿಯನ್ನು ಬೇಲೂರು ತಾಲ್ಲೂಕಿನವರು ತಿಳಿದಿರಬೇಕು. ಕಿಟ್ಟೆಲರು ತೀರಿಹೋಗಿ ಮೂವತ್ತಮೂರು ವರುಷಗಳಾದ ಮೇಲೆ, 1936ರಲ್ಲಿ, ಇದೇ ತಾಲ್ಲೂಕಿನ ಹಲ್ಮಿಡಿ ಎಂಬ ಹಳ್ಳಿಯಲ್ಲಿ ಸುಮಾರು ಕ್ರಿ.ಶ. 450ರ ಕನ್ನಡ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಕಂಡುಹಿಡಿದರು. ಹಳೆಯ ಪದಗಳಿಗಾಗಿ ಅಷ್ಟು ಹಂಬಲಿಸಿದ ಅಯ್ಯನವರ ಕಣ್ಣಿಗೆ ಆ ಕಲ್ಲು ಬೀಳಲಿಲ್ಲವಲ್ಲಾ ಎಂದು ನಮಗೆ ಆಗಾಗ್ಗೆ ಅನಿಸುತ್ತದೆ.

ನಾವು ಮೊದಲು ಹೇಳಿದ ಮನೆಗೆ ಮತ್ತೊಮ್ಮೆ ಹೋದಾಗ ಕಿಟ್ಟೆಲರ ಕೋಶವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆವು. ಅದರ ಗಾತ್ರವನ್ನು ನೋಡಿಯೇ ಹುಡುಗಿಯು ಹಿಂಜರಿದಳು. ನಾವು ಅಜ್ಜಿಯನ್ನು ಕರೆದು, ಹೊಲದ ಕೆಲಸದ ಒಂದು ಪದವನ್ನು ಹೇಳಬೇಕೆಂದು ಬೇಡಿಕೊಂಡೆವು. ಆಕೆಯು ಕೂರಿಗೆ ಎಂದಳು. ಹುಡುಗಿಯು ಹುಡುಕಿ ಕಂಡುಕೊಂಡು, ಇಂಗ್ಲಿಷಿನಲ್ಲಿರುವ ಅರ್ಥವನ್ನು ಓದಿದಳು. ಆಮೇಲೆ ಅಜ್ಜಿಯು ಕುಂಟೆ ಎಂದಳು, ಕಣ ಎಂದಳು, ಮೇಟಿ ಎಂದಳು. ಮೇಟಿಯೆಂದರೆ ಏನೆಂದು ಹುಡುಗಿಗೆ ಕನ್ನಡದಲ್ಲಿಯೂ ಗೊತ್ತಿರಲಿಲ್ಲ; ಯಂತ್ರದಿಂದ ಒಕ್ಕುವ ಈ ಕಾಲದಲ್ಲಿ ಅವಳು ಅದನ್ನು ಎಲ್ಲಿ ನೋಡಿಯಾಳು? ಕಣದ ನಡುವೆ ನೆಟ್ಟ ಕಂಬವೆಂದೂ ಅದಕ್ಕೆ ಎತ್ತುಗಳನ್ನು ಕಟ್ಟಿ ಸುತ್ತ ತಿರುಗಿಸುವರೆಂದೂ ಅಜ್ಜಿಯು ಕೈಯಾಡಿಸಿ ತೋರಿಸಿದಳು. ಕೋಶದಲ್ಲಿಯೂ ಆ ಕಂಬವೇ ಇತ್ತು. ಹುಡುಗಿಯು ಪುಸ್ತಕವನ್ನು ತೆಗೆದು ಎತ್ತುಗಳು ಮೇಟಿಯನ್ನು ಸುತ್ತುವದನ್ನು ಇಂಗ್ಲಿಷಿನಲ್ಲಿ ಒಂದು ವಾಕ್ಯವಾಗಿ ಬರೆಯುವದಕ್ಕೆ ತೊಡಗಿ, ನಡುವೆ ನಿಲ್ಲಿಸಿ, ಎತ್ತುಗಳು ಈಗ ಸುತ್ತುವದಿಲ್ಲವಾದ್ದರಿಂದ ಗೋ ಎಂದು ಬರೆಯಬೇಕೋ ವೆಂಟ್ ಎಂದು ಬರೆಯಬೇಕೋ ಎಂದು ಅಜ್ಜಿಯನ್ನೇ ಕೇಳಿದಳು.